ಬಾಗಿಲ ಬಳಿಯ ಬೋಗುಣಿ

ಆಸ್ಟ್ರಿಯ ದೇಶದ ರಾಜಧಾನಿಯಾದ ವಿಯೆನ್ನಾ ನಗರದಲ್ಲಿ ಎರಡನೆಯ ಜೋಸೆಫ್ ಚಕ್ರವರ್ತಿಯು ೧೭೮೪ರಲ್ಲಿ ಒಂದು ದೊಡ್ಡ ಸಾರ್ವಜನಿಕ ಆಸ್ಪತ್ರೆಯನ್ನು ತೆರೆಸಿದನು. ಹತ್ತೊಂಬತ್ತನೆಯ ಶತಮಾನದ ನಡುಭಾಗದ ಹೊತ್ತಿಗೆ ವೈದ್ಯವಿದ್ಯೆಯನ್ನು ಕಲಿಯಬೇಕೆನ್ನುವ ಯೂರೋಪಿನ ತರುಣರಿಗೆಲ್ಲ ಅದು ಗುರುಕುಲದಂತೆ ಆಗಿತ್ತು. ಅಲ್ಲಿನ ಹೆರಿಗೆಯ ಮನೆಯಲ್ಲಿ ಎರಡು ವಿಭಾಗಗಳಿದ್ದವು. ೧೮೪೦ರಿಂದ ಮೊದಲನೆಯ ವಿಭಾಗವು ವೈದ್ಯವಿದ್ಯಾರ್ಥಿಗಳ ಶಿಕ್ಷಣಕ್ಕೂ ಎರಡನೆಯದು ಸೂಲಗಿತ್ತಿಯರ ಶಿಕ್ಷಣಕ್ಕೂ ಮೀಸಲಾದವು. ಹೆರಿಗೆಗೆ ಬಂದವರನ್ನು ಸರದಿಯಂತೆ ಒಂದು ದಿನ ಒಂದು ವಿಭಾಗಕ್ಕೆ, ಮರುದಿನ ಇನ್ನೊಂದು ವಿಭಾಗಕ್ಕೆ ಸೇರಿಸಿಕೊಳ್ಳುತ್ತಿದ್ದರು. ಯಾರು ಯಾವ ವಿಭಾಗಕ್ಕೆ ಎಂಬುದನ್ನು ನಿರ್ಧರಿಸುತ್ತಿದ್ದುದು ಅವರು ಬಾಗಿಲು ತಟ್ಟಿದ ದಿನವೇ ಹೊರತು ರೋಗದ ಸ್ಥಿತಿಯೂ ಅಲ್ಲ, ಅಂತಸ್ತೂ ಅಲ್ಲ.

ಅಲ್ಲಿಗೆ ಬರುತ್ತಿದ್ದವರು ಬಹುಮಟ್ಟಿಗೆ ಬಡ ಹೆಂಗಸರು. ಮದುವೆಯಾಗದೆ ತಾಯಂದಿರಾದವರೂ ಅವರಲ್ಲಿ ಅನೇಕರಿದ್ದರು. ಹಣ ಕೊಡದೆ ಆರೈಕೆ ಪಡೆಯುತ್ತಿದ್ದುದಕ್ಕೆ ಪ್ರತಿಯಾಗಿ ಅವರು ಕಲಿಯುವವರ ಕೈಗೆ ತಮ್ಮ ಮೈಯನ್ನು ಒಪ್ಪಿಸಬೇಕಾಗಿತ್ತು. ಇಂಥವರಿಗೆ ದೂರು ಹೇಳುವ ಬಾಯಿ ಎಲ್ಲಿಯದು? ಆದರೂ ತಾವು ಸೇರಿರುವುದು ಮೊದಲನೆಯ ವಿಭಾಗವೆಂದು ತಿಳಿದೊಡನೆ ಎಷ್ಟೋ ಹೆಂಗಸರು ಮೊಣಕಾಲೂರಿ ಕೈಮುಗಿದು, ತಮ್ಮನ್ನು ಹೊರಗೆ ಬಿಡಬೇಕೆಂದು ಅಂಗಲಾಚುತ್ತಿದ್ದರು. ದಾರಿಯಲ್ಲಿಯೇ ಹೆತ್ತು, ಕೂಸನ್ನು ಎತ್ತಿಕೊಂಡು ಬರುವುದೇ ಲೇಸೆಂದು ಬಗೆದವರೂ ಉಂಟು. ವಿದ್ವಾಂಸರಿಗೆ ತಿಳಿಯದಿದ್ದ ಒಂದು ಸಂಗತಿ ಊರಿನ ಬಡ ಹೆಂಗಸರಿಗೆಲ್ಲ ತಿಳಿದಿತ್ತು: ಮೊದಲನೆಯ ವಿಭಾಗದಲ್ಲಿ ಬಾಣಂತಿಯರು ಸಾಯುತ್ತಾರೆ.

ಅವರನ್ನು ಕೊಲ್ಲುತ್ತಿದ್ದುದು ಬಾಣಂತಿ ನಂಜು. ಹೆರಿಗೆ ಸುಸೂತ್ರವಾಗಿಯೇ ಆಗುವುದು. ತಾಯಿ ಮಗುವನ್ನು ಮಗ್ಗುಲಲ್ಲಿ ಮಲಗಿಸಿಕೊಂಡಿರುವಳು. ಒಂದೆರಡು ದಿನಗಳಲ್ಲಿ ನಡುಕ ಹುಟ್ಟಿ ಜ್ವರ ಏರುವುದು, ಹೊಟ್ಟೆ ಉಬ್ಬಿ ಮುಟ್ಟಗೊಡಿಸದಷ್ಟು ನೋಯುವುದು, ನಾಡಿ ಓಡತೊಡಗುವುದು. ಮುಂದೆ ಹೆಚ್ಚು ದಿನ ಕಾಯಬೇಕಾಗಿರಲಿಲ್ಲ. ೧೮೪೬ರಲ್ಲಿ ಮೊದಲನೆಯ ವಿಭಾಗದಲ್ಲಿ ೪,೦೧೦ ಹೆರಿಗೆಗಳಾಗಿ ೪೫೯ ತಾಯಂದಿರು ಸತ್ತರು. ಎಂದರೆ ಶೇಕಡ ೧೧ಕ್ಕಿಂತ ಹೆಚ್ಚು. ಅದೇ ವರ್ಷ ಎರಡನೆಯ ವಿಭಾಗದ ೩,೭೫೪ ಹೆರಿಗೆಗಳಲ್ಲಿ ಸತ್ತವರು ೧೦೫ ಮಂದಿ. ಒಂದೇ ಸೂರು, ಒಂದೇ ಗಾಳಿ, ಒಂದೇ ಅಡುಗೆಮನೆ. ಸಾವು ಮಾತ್ರ ಬಾಗಿಲು ನೋಡಿ ಬರುತ್ತಿತ್ತು.

ಆ ವರ್ಷದ ಜುಲೈ ತಿಂಗಳಲ್ಲಿ ಮೊದಲನೆಯ ವಿಭಾಗಕ್ಕೆ ಸಹಾಯಕ ವೈದ್ಯನಾಗಿ ಬಂದವನು ಇಗ್ನಾಜ್ ಫಿಲಿಪ್ ಸೆಮ್ಮೆಲ್‌ವೈಸ್. ಹಂಗೇರಿಯ ಬೂಡಾ ಪಟ್ಟಣದ ಒಬ್ಬ ದಿನಸಿ ವ್ಯಾಪಾರಿಯ ಮಗನಾಗಿ ೧೮೧೮ರಲ್ಲಿ ಹುಟ್ಟಿದವನು. ಕಾನೂನು ಓದಲೆಂದು ವಿಯೆನ್ನಾಕ್ಕೆ ಬಂದು, ಅದನ್ನು ಬಿಟ್ಟು ವೈದ್ಯವಿದ್ಯೆಗೆ ತಿರುಗಿಕೊಂಡವನು. ಪ್ರಾಧ್ಯಾಪಕ ಯೋಹಾನ್ ಕ್ಲೈನ್ ಅವನ ಮೇಲಧಿಕಾರಿ. ದಿನದಿನವೂ ಹೊರಗೆ ಹೋಗುವ ಶವಗಳನ್ನು ನೋಡುತ್ತ ನೋಡುತ್ತ ತರುಣ ವೈದ್ಯನ ಮನಸ್ಸು ಕುಗ್ಗಿತು. ಪಾದ್ರಿಯು ಸಾಯುತ್ತಿರುವವಳಿಗೆ ಕೊನೆಯ ಸಂಸ್ಕಾರ ನಡೆಸಲೆಂದು ಬರುವಾಗ ಮುಂದೆ ಒಬ್ಬನು ಗಂಟೆ ಬಾರಿಸಿಕೊಂಡು ಬರುವುದು ಅಲ್ಲಿನ ವಾಡಿಕೆ. ಆ ಗಂಟೆಯ ದನಿ ಕೇಳಿದಾಗಲೆಲ್ಲ ಸೆಮ್ಮೆಲ್‌ವೈಸನ ಎದೆ ನಡುಗುತ್ತಿತ್ತು.

ಕಾರಣ ಹೇಳುವವರಿಗೇನೂ ಕೊರತೆಯಿರಲಿಲ್ಲ. ಆಕಾಶದಿಂದಲೂ ಭೂಮಿಯಿಂದಲೂ ಹೊರಡುವ ಯಾವುದೋ ದೂಷಿತ ಪ್ರಭಾವದಿಂದ ಈ ರೋಗ ಬರುತ್ತದೆ ಎನ್ನುವುದು ದೊಡ್ಡವರ ಮತ. ಹಾಗಿದ್ದರೆ ಆ ಪ್ರಭಾವವು ಪಕ್ಕದ ವಿಭಾಗವನ್ನು ಏಕೆ ಬಿಟ್ಟುಬಿಡುತ್ತದೆ? ಜನಸಂದಣಿ ಹೆಚ್ಚಾಗಿದೆ ಎಂದರು ಕೆಲವರು. ಸಂದಣಿ ಹೆಚ್ಚಾಗಿದ್ದುದು ಎರಡನೆಯದರಲ್ಲಿ. ಪಾದ್ರಿಯ ಗಂಟೆಗೆ ಹೆದರಿ ಬಾಣಂತಿಯರು ಸಾಯುತ್ತಾರೆ ಎಂಬ ಮಾತೂ ಇತ್ತು. ಸೆಮ್ಮೆಲ್‌ವೈಸನು ಅದನ್ನೂ ತಳ್ಳಿಹಾಕದೆ, ಗಂಟೆಯಿಲ್ಲದೆ ಬೇರೆ ದಾರಿಯಿಂದ ಬರುವಂತೆ ಪಾದ್ರಿಯನ್ನು ಒಪ್ಪಿಸಿದನು. ಸಾವು ನಿಲ್ಲಲಿಲ್ಲ. ಎರಡನೆಯ ವಿಭಾಗದಲ್ಲಿ ಹೆಂಗಸರನ್ನು ಮಗ್ಗುಲಾಗಿ ಮಲಗಿಸಿ ಹೆರಿಗೆ ಮಾಡಿಸುತ್ತಾರೆಂದು ತಾನೂ ಹಾಗೆಯೇ ಮಾಡಿಸಿ ನೋಡಿದನು. ಆಗಲೂ ನಿಲ್ಲಲಿಲ್ಲ. ತಿಳಿಯದುದನ್ನು ಅಂದಾಜಿಗೆ ಬಿಡದೆ ಒಂದೊಂದನ್ನಾಗಿ ಮಾಡಿ ನೋಡಿ ಬಿಡುತ್ತ ಹೋದ ಈ ತಾಳ್ಮೆಯೇ ಅವನ ನಿಜವಾದ ಹಿರಿಮೆ. ಅವನ ಬಾಳಿನ ಉಳಿದ ಭಾಗದಲ್ಲಿ ತಾಳ್ಮೆ ಎಂಬುದು ಅಷ್ಟಾಗಿ ಕಾಣುವುದಿಲ್ಲ.

ಅವನ ಕಣ್ಣಿಗೆ ಬಿದ್ದ ಬೇರೆ ಕೆಲವು ಸಂಗತಿಗಳು ಇನ್ನೂ ವಿಚಿತ್ರವಾಗಿದ್ದವು. ದಾರಿಯಲ್ಲಿ ಹೆತ್ತು ಬಂದವರಿಗೆ ನಂಜು ತಗಲುವುದು ತೀರ ಅಪರೂಪವಾಗಿತ್ತು. ನೋವು ಬಹಳ ಹೊತ್ತು ಎಳೆದು, ಮತ್ತೆ ಮತ್ತೆ ಪರೀಕ್ಷೆಗೆ ಒಳಗಾದವರು ಬದುಕುವುದು ಅಷ್ಟೇ ಅಪರೂಪವಾಗಿತ್ತು. ಒಂದು ಸಾಲಿನಲ್ಲಿ ಮಲಗಿದ್ದ ಬಾಣಂತಿಯರು ಒಬ್ಬರ ಹಿಂದೊಬ್ಬರು ಹಾಸಿಗೆಯ ಕ್ರಮದಲ್ಲಿಯೇ ಕಾಯಿಲೆ ಬೀಳುತ್ತಿದ್ದರು.

ಇನ್ನು ಅಲ್ಲಿನ ವಿದ್ಯಾರ್ಥಿಯ ದಿನಚರಿಯನ್ನು ನೋಡಬೇಕು. ಹಿಂದಿನ ದಿನ ಸತ್ತವರ ಶವಗಳನ್ನು ಕೊಯ್ದು ರೋಗದ ಮೂಲವನ್ನು ಹುಡುಕುವುದು ಆಗಿನ ವಿಯೆನ್ನಾದ ಹೆಗ್ಗಳಿಕೆ. ಸೆಮ್ಮೆಲ್‌ವೈಸನು ಬೆಳಗಾಗುತ್ತಲೇ ಶವಾಗಾರಕ್ಕೆ ಹೋಗಿ, ಸತ್ತ ಬಾಣಂತಿಯರ ದೇಹಗಳನ್ನು ತಾನೇ ಪರೀಕ್ಷಿಸಿ, ಆಮೇಲೆ ವಾರ್ಡಿಗೆ ಬರುತ್ತಿದ್ದನು. ವಿದ್ಯಾರ್ಥಿಗಳೂ ಅಲ್ಲಿಂದ ಇಲ್ಲಿಗೆ ಬರುತ್ತಿದ್ದರು. ಕೈ ತೊಳೆಯುತ್ತಿರಲಿಲ್ಲವೆಂದಲ್ಲ, ಸಾಬೂನು ಹಾಕಿ ತೊಳೆಯುತ್ತಿದ್ದರು. ಆದರೆ ತೊಳೆದ ಮೇಲೂ ಶವದ ವಾಸನೆ ಬೆರಳುಗಳಲ್ಲಿ ಬಹಳ ಹೊತ್ತು ಉಳಿಯುತ್ತಿತ್ತು. ಅದನ್ನು ಯಾರೂ ಕುಂದೆಂದು ಬಗೆದಿರಲಿಲ್ಲ. ಕೈಗೆ ಅಂಟಿದ ವಾಸನೆ ಅವನು ಕಷ್ಟಪಟ್ಟು ಕಲಿಯುತ್ತಿದ್ದಾನೆ ಎಂಬುದಕ್ಕೆ ಸಾಕ್ಷಿ! ಸೂಲಗಿತ್ತಿಯರ ವಿಭಾಗದಲ್ಲಿ ಕಲಿಯುತ್ತಿದ್ದ ಹೆಂಗಸರಿಗೆ ಶವ ಕೊಯ್ಯುವ ಪಾಠವಿರಲಿಲ್ಲ.

ಹಳೆಯ ದಾಖಲೆಗಳೂ ಇದೇ ಕತೆಯನ್ನು ಹೇಳುತ್ತಿದ್ದವು, ಕೇಳುವವರು ಇರಲಿಲ್ಲ ಅಷ್ಟೆ. ಕ್ಲೈನನಿಗಿಂತ ಮೊದಲು ಆ ಪೀಠದಲ್ಲಿದ್ದ ಲುಕಾಸ್ ಬೋಯರ್ ಎಂಬ ಪ್ರಾಧ್ಯಾಪಕನು ಹೆರಿಗೆಯ ಪಾಠಕ್ಕೆ ಶವಗಳನ್ನು ಬಳಸಲು ಒಪ್ಪದೆ ಗೊಂಬೆಗಳ ಮೇಲೆ ಕಲಿಸುತ್ತಿದ್ದನು. ಅವನ ಕಾಲದ ಕೊನೆಯಲ್ಲಿ, ೧೮೨೨ರಲ್ಲಿ, ನೂರಕ್ಕೆ ಒಬ್ಬಳೂ ಸತ್ತಿರಲಿಲ್ಲ. ಕ್ಲೈನನು ಬಂದು ಶವಗಳ ಮೇಲೆ ಪಾಠ ಆರಂಭಿಸಿದ ಮರುವರ್ಷವೇ ಆ ಸಂಖ್ಯೆ ಏಳನ್ನು ದಾಟಿತು.

೧೮೪೬ರ ಕೊನೆಯ ವೇಳೆಗೆ ಸರ್ಕಾರವೂ ಎಚ್ಚೆತ್ತಿತು. ವಿದ್ಯಾರ್ಥಿಗಳ ಒರಟು ಪರೀಕ್ಷೆಯಿಂದ ಹೀಗಾಗುತ್ತಿದೆಯೆಂದು ವಿಚಾರಣಾ ಸಮಿತಿಯೊಂದು ತೀರ್ಮಾನಿಸಿದ್ದರಿಂದ, ಅವರ ಸಂಖ್ಯೆಯನ್ನು ೪೨ರಿಂದ ೨೦ಕ್ಕೆ ಇಳಿಸಿದರು. ಸೆಮ್ಮೆಲ್‌ವೈಸನೂ ಆ ಚಳಿಗಾಲದಲ್ಲಿ ಕೆಲವು ತಿಂಗಳು ಹುದ್ದೆಯಿಂದ ಹೊರಗಿದ್ದನು. ಸಾವು ಸ್ವಲ್ಪ ಇಳಿಯಿತು. ೧೮೪೭ರ ಮಾರ್ಚ್ ತಿಂಗಳಲ್ಲಿ ೩೦೫ ಹೆರಿಗೆಗಳಿಗೆ ಸತ್ತವರು ೧೧ ಮಂದಿ. ಅವನು ಮಾರ್ಚ್ ೨೦ರಂದು ಮತ್ತೆ ಕೆಲಸಕ್ಕೆ ಸೇರಿ ಎಂದಿನ ಉತ್ಸಾಹದಿಂದ ಶವಾಗಾರಕ್ಕೂ ವಾರ್ಡಿಗೂ ಓಡಾಡತೊಡಗಿದನು. ಏಪ್ರಿಲ್ ತಿಂಗಳಲ್ಲಿ ೩೧೨ ಮಂದಿಯಲ್ಲಿ ೫೭ ತಾಯಂದಿರು ಸತ್ತರು. ಈ ಎರಡು ಅಂಕೆಗಳ ಅರ್ಥ ಅವನಿಗೆ ತಿಳಿದದ್ದು ಸ್ವಲ್ಪ ಕಾಲದ ನಂತರ. ತಿಳಿದಾಗ ಅದು ಅವನನ್ನು ಜೀವಮಾನವೆಲ್ಲ ಸುಟ್ಟಿತು.

ಅರ್ಥದ ಬಾಗಿಲನ್ನು ತೆರೆದುದು ಒಬ್ಬ ಗೆಳೆಯನ ಸಾವು. ಕೆಲಸಕ್ಕೆ ಮರಳುವ ಮುನ್ನ ಸೆಮ್ಮೆಲ್‌ವೈಸನು ಬೇಸರ ಕಳೆಯಲು ವೆನಿಸ್ ನಗರಕ್ಕೆ ಹೋಗಿದ್ದನು. ಹಿಂದಿರುಗಿದಾಗ ನ್ಯಾಯವೈದ್ಯ ಶಾಸ್ತ್ರದ ಪ್ರಾಧ್ಯಾಪಕನೂ ತನಗೆ ಆಪ್ತನೂ ಆಗಿದ್ದ ಯಾಕೋಬ್ ಕೊಲೆಚ್ಕಾ ತೀರಿಕೊಂಡ ಸುದ್ದಿ ಕಾದಿತ್ತು. ಶವಪರೀಕ್ಷೆ ನಡೆಸುತ್ತಿದ್ದಾಗ ವಿದ್ಯಾರ್ಥಿಯೊಬ್ಬನ ಚಾಕು ಪ್ರಾಧ್ಯಾಪಕನ ಬೆರಳಿಗೆ ತಗಲಿತ್ತು. ಗಾಯ ಸಣ್ಣದು, ನಂಜೇರಿ ಮಾರ್ಚ್ ೧೩ರಂದು ಅವನು ಸತ್ತನು. ಅವನ ಶವಪರೀಕ್ಷೆಯ ವರದಿಯನ್ನು ಓದುತ್ತ ಸೆಮ್ಮೆಲ್‌ವೈಸನು ಬೆರಗಾದನು. ಹೊಟ್ಟೆಯ ಒಳಪೊರೆಯ ಉರಿಯೂತ, ಎದೆಯ ಪೊರೆಯ ಉರಿಯೂತ, ಮಿದುಳಿನ ಪೊರೆಯ ಉರಿಯೂತ—ನೂರಾರು ಬಾಣಂತಿಯರ ದೇಹಗಳಲ್ಲಿ ಅವನು ಕಂಡಿದ್ದ ಚಿಹ್ನೆಗಳೇ ಇಲ್ಲಿಯೂ! ಕೊಲೆಚ್ಕಾ ಬಾಣಂತಿಯಲ್ಲ. ಗಂಡಸಿಗೆ ಬಂದ ಈ ರೋಗಕ್ಕೂ ಹೆರಿಗೆಗೂ ಸಂಬಂಧವಿರಲಾರದು. ಅವನ ರಕ್ತಕ್ಕೆ ಶವದ ಕಣಗಳನ್ನು ಸೇರಿಸಿದ್ದು ಚಾಕು. ಬಾಣಂತಿಯರ ಹಸಿಗಾಯಕ್ಕೆ ಅವನ್ನು ಸೇರಿಸಿದ್ದು ಯಾವುದು? ಪರೀಕ್ಷಿಸುವ ವೈದ್ಯನ ಬೆರಳು.

೧೮೪೭ರ ಮೇ ತಿಂಗಳ ನಡುವಿನಲ್ಲಿ ವಾರ್ಡಿನ ಬಾಗಿಲ ಬಳಿ ಒಂದು ಬೋಗುಣಿ ಬಂದಿತು. ಅದರಲ್ಲಿ ಮೊದಲು ಕ್ಲೋರಿನ್ ನೀರನ್ನೂ, ಅದು ದುಬಾರಿಯಾದುದರಿಂದ ಆಮೇಲೆ ಚಲುವೆಪುಡಿಯ ನೀರನ್ನೂ ತುಂಬಿಡುತ್ತಿದ್ದರು. ಶವಾಗಾರದಿಂದ ಬಂದವರು ಯಾರೇ ಆಗಲಿ, ಈ ನೀರಿನಲ್ಲಿ ಕೈಗಳನ್ನು ತಿಕ್ಕಿ ತೊಳೆಯದೆ ಒಳಗೆ ಕಾಲಿಡುವಂತಿಲ್ಲ ಎಂದು ಅಪ್ಪಣೆಯಾಯಿತು. ಸೆಮ್ಮೆಲ್‌ವೈಸನಿಗೆ ರೋಗಾಣುಗಳ ವಿಷಯ ತಿಳಿದಿರಲಿಲ್ಲ. ಆಗ ಅದು ಯಾರಿಗೂ ಖಚಿತವಾಗಿ ತಿಳಿದಿರಲಿಲ್ಲ. ಶವದ ವಾಸನೆಯನ್ನು ಹೋಗಲಾಡಿಸುವ ವಸ್ತು ಶವದ ಕಣಗಳನ್ನೂ ಹೋಗಲಾಡಿಸಬೇಕು ಎಂಬುದಷ್ಟೇ ಅವನ ತರ್ಕ. ತರ್ಕ ಅರೆಬರೆಯಾಗಿತ್ತು, ಮದ್ದು ಸರಿಯಾಗಿತ್ತು. ಜೂನ್ ತಿಂಗಳಲ್ಲಿ ೨೬೮ ಹೆರಿಗೆಗಳಲ್ಲಿ ಸತ್ತವರು ೬. ಜುಲೈ ತಿಂಗಳಲ್ಲಿ ೨೫೦ರಲ್ಲಿ ೩.

ಆದರೆ ವಿದ್ಯಾರ್ಥಿಗಳಿಗೆ ಈ ಕಟ್ಟಳೆ ರುಚಿಸಲಿಲ್ಲ. ಚಲುವೆಪುಡಿಯ ನೀರು ಕೈಯನ್ನು ಉರಿಸುತ್ತದೆ. ಚರ್ಮ ಒರಟಾಗಿ ಬಿರಿಯುತ್ತದೆ. ದಿನಕ್ಕೆ ಒಂದು ಸಲವಾದರೆ ಹೇಗೋ ಸಹಿಸಬಹುದು. ಅಕ್ಟೋಬರ್ ತಿಂಗಳಲ್ಲಿ ನಡೆದ ಒಂದು ಘಟನೆಯಿಂದ ಆ ಒಂದು ಸಲವೂ ಸಾಲದೆಂದು ತಿಳಿಯಿತು. ಗರ್ಭಕೋಶದ ಹುಣ್ಣಿನಿಂದ ಕೀವು ಸೋರುತ್ತಿದ್ದ ಹೆಂಗಸೊಬ್ಬಳನ್ನು ಸಾಲಿನ ಮೊದಲ ಹಾಸಿಗೆಯಲ್ಲಿ ಮಲಗಿಸಿದ್ದರು. ವೈದ್ಯನೂ ವಿದ್ಯಾರ್ಥಿಗಳೂ ಬಾಗಿಲಲ್ಲಿ ವಿಧಿಪೂರ್ವಕವಾಗಿ ಕೈ ತೊಳೆದೇ ಬಂದರು. ಅವಳನ್ನು ಮೊದಲು ಪರೀಕ್ಷಿಸಿದರು. ಅನಂತರ ಬರಿಯ ಸಾಬೂನಿನಿಂದ ಕೈ ತೊಳೆದು ಉಳಿದವರನ್ನು ನೋಡಿದರು. ಅವಳ ಜೊತೆಯಲ್ಲಿ ಹೆತ್ತ ಹನ್ನೆರಡು ಮಂದಿಯಲ್ಲಿ ಹನ್ನೊಂದು ಮಂದಿ ಸತ್ತರು. ನಂಜು ಶವದಿಂದಲೇ ಬರಬೇಕೆಂಬ ನಿಯಮವಿಲ್ಲ. ಬದುಕಿರುವ ರೋಗಿಯಿಂದಲೂ ಬರುತ್ತದೆ. ಅಂದಿನಿಂದ ಒಬ್ಬಳನ್ನು ಮುಟ್ಟಿದ ಕೈಯನ್ನು ತೊಳೆದ ಬಳಿಕವೇ ಇನ್ನೊಬ್ಬಳನ್ನು ಮುಟ್ಟಬೇಕೆಂದು ಆಜ್ಞೆ ಹೊರಟಿತು. ೧೮೪೮ರಲ್ಲಿ ಮೊದಲನೆಯ ವಿಭಾಗದ ೩,೫೫೬ ಹೆರಿಗೆಗಳಲ್ಲಿ ಸತ್ತವರು ೪೫ ಮಂದಿ ಮಾತ್ರ. ಆ ವರ್ಷದ ಮಾರ್ಚ್ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಒಬ್ಬ ತಾಯಿಯೂ ಸಾಯಲಿಲ್ಲ.

ಇಷ್ಟು ಕಂಡ ಮೇಲೆ ಜಗತ್ತು ಅವನನ್ನು ಹೊತ್ತು ಮೆರೆಸಿರಬೇಕೆಂದು ಓದುವವರಿಗೆ ಅನ್ನಿಸಬಹುದು. ಹಾಗಾಗಲಿಲ್ಲ. ಅವನ ಮಾತನ್ನು ಒಪ್ಪುವುದೆಂದರೆ, ಇಷ್ಟು ವರ್ಷವೂ ರೋಗವನ್ನು ಹೊತ್ತು ತಂದವರು ತಾವೇ ಎಂದು ವೈದ್ಯರು ಒಪ್ಪಿದಂತೆ. ಗುಣಪಡಿಸಲೆಂದು ಚಾಚಿದ ಕೈಯೇ ಕೊಂದಿತೆಂದು ಯಾರು ತಾನೆ ಸುಲಭವಾಗಿ ಒಪ್ಪಿಯಾರು? ಸೆಮ್ಮೆಲ್‌ವೈಸನು ಒಪ್ಪಿಕೊಂಡನು. ತನ್ನಷ್ಟು ಶವಗಳನ್ನು ಕೊಯ್ದ ಹೆರಿಗೆ ವೈದ್ಯರು ವಿರಳವೆಂದೂ, ತನ್ನಿಂದಾಗಿ ಅಕಾಲದಲ್ಲಿ ಸತ್ತವರೆಷ್ಟು ಮಂದಿಯೆಂಬುದು ದೇವರೊಬ್ಬನಿಗೇ ಗೊತ್ತೆಂದೂ ಅವನು ಮುಂದೆ ತನ್ನ ಗ್ರಂಥದಲ್ಲಿ ಬರೆದನು. ತನ್ನ ತಪ್ಪನ್ನು ಹೀಗೆ ಬಯಲಿಗಿಡುವ ಧೈರ್ಯ ಅವನಲ್ಲಿತ್ತು. ಇತರರ ಮನವನ್ನು ಒಲಿಸುವ ಜಾಣ್ಮೆ ಇರಲಿಲ್ಲ. ಹೆಬ್ರಾ, ಸ್ಕೋಡಾ ಮುಂತಾದ ಹಿರಿಯರು ಅವನ ಪರವಾಗಿ ಬರೆದರು, ಮಾತನಾಡಿದರು. ಅವನು ಮಾತ್ರ ಬಹುಕಾಲ ಲೇಖನಿ ಹಿಡಿಯಲಿಲ್ಲ. ೧೮೪೯ರಲ್ಲಿ ಹುದ್ದೆಯ ಅವಧಿ ಮುಗಿದಾಗ ಅದನ್ನು ಮುಂದುವರಿಸಲಿಲ್ಲ. ೧೮೫೦ರಲ್ಲಿ ಅವನು ಗೆಳೆಯರಿಗೂ ಹೇಳದೆ ವಿಯೆನ್ನಾವನ್ನು ಬಿಟ್ಟು ಪೆಸ್ಟ್ ಪಟ್ಟಣಕ್ಕೆ ಹೊರಟುಹೋದನು. ಈ ಮೌನವೂ ಮುನಿಸೂ ಅವನ ಶತ್ರುಗಳಿಗಿಂತ ಹೆಚ್ಚಾಗಿ ಅವನ ಸತ್ಯಕ್ಕೆ ಕೇಡು ಮಾಡಿದವೆಂದರೆ ತಪ್ಪಾಗದು.

ಪೆಸ್ಟ್ ಪಟ್ಟಣದ ಸಂತ ರೋಖಸ್ ಆಸ್ಪತ್ರೆಯಲ್ಲಿ ಆರು ವರ್ಷಗಳಲ್ಲಿ ೯೩೩ ಹೆರಿಗೆಗಳಾಗಿ, ಬಾಣಂತಿ ನಂಜಿನಿಂದ ಸತ್ತವರು ೮ ಮಂದಿ. ಕೊನೆಗೆ ೧೮೬೧ರ ತೇದಿಯನ್ನು ಹೊತ್ತು ಅವನ ದೊಡ್ಡ ಗ್ರಂಥ ಹೊರಬಂದಿತು. ಅಂಕೆಸಂಖ್ಯೆಗಳ ನಡುವೆ ವಾದವಿವಾದಗಳು ತುಂಬಿ ಓದುವವರನ್ನು ದಣಿಸುವ ಗ್ರಂಥ. ಅದನ್ನು ಜರೆದವರಿಗೆ ಅವನು ಬಹಿರಂಗ ಪತ್ರಗಳಲ್ಲಿ ಕೊಲೆಗಡುಕರೆಂಬ ಮಾತನ್ನೂ ಬಳಸಿ ಉತ್ತರ ಕೊಟ್ಟನು. ಬರಬರುತ್ತ ಅವನ ಬುದ್ಧಿಯ ಸ್ತಿಮಿತ ತಪ್ಪಿತು. ೧೮೬೫ರ ಜುಲೈ ಕೊನೆಯಲ್ಲಿ ಅವನನ್ನು ವಿಯೆನ್ನಾದ ಹುಚ್ಚಾಸ್ಪತ್ರೆಯೊಂದಕ್ಕೆ ಸೇರಿಸಿದರು. ಎರಡು ವಾರಗಳಾದ ಮೇಲೆ, ಆಗಸ್ಟ್ ೧೩ರಂದು, ರಕ್ತಕ್ಕೆ ನಂಜೇರಿ ಅವನು ಸತ್ತನು. ಆಗ ಅವನಿಗೆ ನಲವತ್ತೇಳು ವರ್ಷ. ಅದರ ಹಿಂದಿನ ದಿನವೇ ಗ್ಲಾಸ್ಗೋ ನಗರದಲ್ಲಿ ಜೋಸೆಫ್ ಲಿಸ್ಟರ್ ಎಂಬ ಶಸ್ತ್ರವೈದ್ಯನು, ಗಾಡಿ ಹರಿದು ಕಾಲು ಮುರಿದಿದ್ದ ಹುಡುಗನೊಬ್ಬನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದ ಪಟ್ಟಿಯನ್ನು ಕಟ್ಟಿದ್ದನು. ಗಾಯ ಕೀವುಗೂಡದೆ ಮಾಯಿತು. ೧೮೭೯ರಲ್ಲಿ ಲೂಯಿ ಪಾಶ್ಚರನು ಪ್ಯಾರಿಸ್ಸಿನ ವೈದ್ಯರ ಸಭೆಯೊಂದರಲ್ಲಿ ಎದ್ದು, ಬಾಣಂತಿ ನಂಜಿಗೆ ಕಾರಣವಾದ ರೋಗಾಣುವಿನ ಆಕಾರವನ್ನು ಕಪ್ಪುಹಲಗೆಯ ಮೇಲೆ ಮಣಿಸರದಂತೆ ಬರೆದು ತೋರಿಸಿದನು.

ಅಂದಿನಿಂದ ಆ ರೋಗಾಣುವಿನ ಹೆಸರು ವೈದ್ಯವಿದ್ಯಾರ್ಥಿಗಳಿಗೆಲ್ಲ ಬಾಯಿಪಾಠವಾಗಿದೆ. ಕೈ ಏಕೆ ತೊಳೆಯಬೇಕೆಂದು ಪರೀಕ್ಷೆಯಲ್ಲಿ ಕೇಳಿದರೆ ತಪ್ಪು ಉತ್ತರ ಬರೆಯುವವರು ಸಿಗಲಾರರು. ಆದರೆ ಪರೀಕ್ಷೆಯ ಉತ್ತರವೇ ಬೇರೆ, ವಾರ್ಡಿನ ರೂಢಿಯೇ ಬೇರೆ. ಸ್ವಿಟ್ಜರ್ಲೆಂಡಿನ ಜಿನೀವಾ ವಿಶ್ವವಿದ್ಯಾನಿಲಯದ ಆಸ್ಪತ್ರೆಯಲ್ಲಿ ಡಿಡಿಯೆ ಪಿತ್ತೆ ಎಂಬ ವೈದ್ಯರೂ ಅವರ ಸಂಗಡಿಗರೂ ೧೯೯೪ರಲ್ಲಿ ಕೂತು ಎಣಿಸಿ ನೋಡಿದರು. ಕೈ ಶುಚಿ ಮಾಡಿಕೊಳ್ಳಬೇಕಾದ ಸಂದರ್ಭಗಳಲ್ಲಿ ಸಿಬ್ಬಂದಿಯವರು ನಿಜವಾಗಿ ಮಾಡಿಕೊಂಡದ್ದು ನೂರಕ್ಕೆ ೪೮ ಸಲ ಮಾತ್ರ. ಕೆಲಸದ ಒತ್ತಡ ಹೆಚ್ಚಿದಷ್ಟೂ ತೊಳೆಯುವುದು ಕಡಮೆ. ದಾದಿಯರಿಗಿಂತ ವೈದ್ಯರಲ್ಲಿ ಕಡಮೆ. ಇದನ್ನು ಬರಿಯ ಸೋಮಾರಿತನವೆಂದು ಜರೆದು ಸುಮ್ಮನಾಗಬಹುದಿತ್ತು. ಅವರು ಹಾಗೆ ಮಾಡದೆ ಲೆಕ್ಕ ಹಾಕಿದರು. ಸಾಬೂನು ಹಾಕಿ ಸರಿಯಾಗಿ ತೊಳೆದು ಒರಸಿಕೊಳ್ಳಲು ಒಂದು ನಿಮಿಷ ಹಿಡಿಯುತ್ತದೆ. ಕೊಳಾಯಿಯವರೆಗೆ ಹೋಗಿ ಬರುವ ಹೊತ್ತು ಬೇರೆ. ಗಂಟೆಗೆ ಹತ್ತಿಪ್ಪತ್ತು ಸಲ ಹೀಗೆ ಮಾಡಿದರೆ ರೋಗಿಯನ್ನು ನೋಡುವುದು ಯಾವಾಗ? ಆದುದರಿಂದ ಆಲ್ಕೊಹಾಲ್ ದ್ರಾವಣದ ಸೀಸೆಗಳನ್ನು ಹಾಸಿಗೆಗಳ ಪಕ್ಕದಲ್ಲಿಯೇ ಇರಿಸಿದರು, ಜೇಬಿಗೂ ಕೊಟ್ಟರು, ಗೋಡೆಗಳ ಮೇಲೆ ಚಿತ್ರಪಟಗಳನ್ನು ಹಚ್ಚಿದರು. ಅದನ್ನು ಉಜ್ಜಿಕೊಳ್ಳಲು ಇಪ್ಪತ್ತು ಮೂವತ್ತು ಸೆಕೆಂಡು ಸಾಕು. ವಿಯೆನ್ನಾದ ಬೋಗುಣಿ ಬಾಗಿಲಿನಿಂದ ಹಾಸಿಗೆಯ ಬಳಿಗೆ ಬಂದು ಸೇರಿದಂತಾಯಿತು. ೧೯೯೭ರ ವೇಳೆಗೆ ೪೮ ಇದ್ದದ್ದು ೬೬ಕ್ಕೆ ಏರಿತು; ಆಸ್ಪತ್ರೆಯಲ್ಲಿ ತಗಲುವ ಸೋಂಕುಗಳೂ ಇಳಿದವು. ಆದರೆ ಏರಿಕೆಯಾದದ್ದು ದಾದಿಯರಲ್ಲಿ. ವೈದ್ಯರ ರೂಢಿ ಹೆಚ್ಚೇನೂ ಬದಲಾಗಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು ೨೦೦೯ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಐದು ಸಂದರ್ಭಗಳನ್ನು ಹೇಳಿದೆ: ರೋಗಿಯನ್ನು ಮುಟ್ಟುವ ಮುನ್ನ, ಸೂಜಿ ನಳಿಕೆಗಳ ಕೆಲಸಕ್ಕೆ ಕೈ ಹಾಕುವ ಮುನ್ನ, ರಕ್ತ ಮೊದಲಾದ ದ್ರವಗಳು ತಗಲಿರಬಹುದಾದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ಅವನ ಸುತ್ತಲಿನ ವಸ್ತುಗಳನ್ನು ಮುಟ್ಟಿದ ಮೇಲೆ. ರಬ್ಬರು ಗವಸು ತೊಟ್ಟವರಿಗೂ ಇದು ತಪ್ಪಿದ್ದಲ್ಲ. ಗವಸು ತೊಟ್ಟ ಧೈರ್ಯದಲ್ಲಿ ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಅದೇ ಕೈಯಲ್ಲಿ ಹೋಗುವವನು, ಅಕ್ಟೋಬರ್ ತಿಂಗಳ ಆ ಹನ್ನೆರಡು ಹಾಸಿಗೆಗಳ ಸಾಲಿನಲ್ಲಿಯೇ ನಡೆಯುತ್ತಿದ್ದಾನೆ. ಕೊರಳಲ್ಲಿ ತೂಗುವ ಸ್ಟೆತಾಸ್ಕೋಪು, ಮುಂಗೈಯನ್ನು ಮುಚ್ಚುವ ಬಿಳಿ ಅಂಗಿಯ ತೋಳು, ಉಂಗುರ, ಕೈಗಡಿಯಾರ ಇವೂ ನಂಜಿನ ವಾಹನಗಳಾಗಬಲ್ಲವು.

ಈ ರೂಢಿ ಬೇರೂರುವುದು ಕಲಿಯುವ ವಯಸ್ಸಿನಲ್ಲಿ, ಅದೂ ಪುಸ್ತಕಕ್ಕಿಂತ ಹೆಚ್ಚಾಗಿ ಕಣ್ಣಿನ ಮೂಲಕ. ಅಮೆರಿಕದಲ್ಲಿ ನಡೆದು ೨೦೦೩ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹೊಸ ಆಸ್ಪತ್ರೆಯ ಕಟ್ಟಡದಲ್ಲಿ ಕೈ ತೊಳೆಯುವ ತೊಟ್ಟಿಗಳನ್ನು ಹೆಚ್ಚಿಸಿದರೂ ತೊಳೆಯುವವರ ಪ್ರಮಾಣ ಹೆಚ್ಚಲಿಲ್ಲವೆಂದು ಕಂಡಿತು. ಇನ್ನೊಂದು ಸಂಗತಿಯೂ ಕಂಡಿತು: ಕೋಣೆಯಲ್ಲಿದ್ದ ಹಿರಿಯರು ಕೈ ತೊಳೆಯದಿದ್ದಾಗ ಜೊತೆಯಲ್ಲಿದ್ದ ಕಿರಿಯರೂ ತೊಳೆಯುವುದು ಬಹಳ ಕಡಮೆಯಾಗಿತ್ತು.

ಬೆಳಗಿನ ಹೊತ್ತು ಪ್ರಾಧ್ಯಾಪಕರು ವಾರ್ಡಿಗೆ ಬರುತ್ತಾರೆ. ಅವರ ಹಿಂದೆ ಸಹಾಯಕರು, ಅವರ ಹಿಂದೆ ಗೃಹವೈದ್ಯರು, ಎಲ್ಲರಿಗಿಂತ ಹಿಂದೆ ಮೂರನೆಯ ವರ್ಷದ ವಿದ್ಯಾರ್ಥಿ. ಪ್ರಾಧ್ಯಾಪಕರು ರೋಗಿಯ ಹೊಟ್ಟೆಯನ್ನು ಒತ್ತಿ ನೋಡಿ, ಪಿತ್ತಕೋಶ ಕೈಗೆ ಸಿಗುತ್ತದೆಯೆ ನೋಡು ಎಂದು ಅವನನ್ನು ಮುಂದಕ್ಕೆ ಕರೆಯುತ್ತಾರೆ. ಅವನು ನೋಡುತ್ತಾನೆ, ಉತ್ತರ ಸರಿಯಾಗಿರುತ್ತದೆ. ಸೀಸೆ ಹಾಸಿಗೆಯ ಕಾಲಬದಿಯಲ್ಲಿ ತೂಗುತ್ತಿದೆ. ಅದನ್ನು ಒತ್ತಿ ಕೈಗಳನ್ನು ಉಜ್ಜಿಕೊಂಡು ಒಣಗುವವರೆಗೆ ನಿಂತರೆ ಇಪ್ಪತ್ತು ಸೆಕೆಂಡು ಬೇಕು. ಅಷ್ಟರಲ್ಲಿ ಪ್ರಾಧ್ಯಾಪಕರೂ ಉಳಿದವರೂ ಮುಂದಿನ ಹಾಸಿಗೆಯನ್ನು ತಲಪಿ, ಮುಂದಿನ ಪ್ರಶ್ನೆಯನ್ನು ಕೇಳಿ ಆಗಿರುತ್ತದೆ.